ಬಾರ್ಬರಾ ಮೆಕ್ಲಿಂಟಾಕ್: ಮೆಕ್ಕೆಜೋಳದಲ್ಲಿ ಜಿಗಿಯುವ ಜೀನ್ ಕಂಡವರ ಕಥೆ, ಫಾರ್ವರ್ಡ್‌ಗಳು ಹೇಳದ ಅರ್ಧದ ಜೊತೆಗೆ

ಒಂದೇ ತೆನೆಯಲ್ಲಿ ಕೆಂಪು, ನೇರಳೆ, ಹಳದಿ, ಚುಕ್ಕೆ ಚುಕ್ಕೆ ಕಾಳುಗಳಿರುವ ಮೆಕ್ಕೆಜೋಳದ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಫೋಟೊ ಅದೇ, ಕೆಳಗಿನ ಬರಹ ಮಾತ್ರ ಬೇರೆ ಬೇರೆ. ಲ್ಯಾಬಿನಲ್ಲಿ ಜೀನ್ ತಿರುಚಿ ಮಾಡಿದ ಬೆಳೆ, ತಿನ್ನಬೇಡಿ ಎಂದು ಒಬ್ಬರು ಬರೆದರೆ, ರಾಸಾಯನಿಕ ಬಣ್ಣ ಹಾಕಿದ್ದಾರೆ ಎಂದು ಇನ್ನೊಬ್ಬರು ಬರೆಯುತ್ತಾರೆ. ಇದರ ಜೊತೆಗೆ ಒಬ್ಬ ಮಹಿಳಾ ವಿಜ್ಞಾನಿಯ ಕಥೆಯೂ ಓಡಾಡುತ್ತದೆ. ಇಡೀ ಜಗತ್ತು ಅವರನ್ನು ನೋಡಿ ನಕ್ಕಿತಂತೆ, ಮೂವತ್ತು ವರ್ಷಗಳ ಮೇಲೆ ಅದೇ ಕೆಲಸಕ್ಕೆ ನೊಬೆಲ್ ಬಂತಂತೆ. ಆದ್ದರಿಂದ ಡಾಕ್ಟರುಗಳು ಒಪ್ಪದ ನಮ್ಮ ಔಷಧಿಯನ್ನೂ ನಂಬಿ ಎಂದು ಕೆಲವರು ಆ ಕಥೆಯ ಕೊನೆಗೆ ಸೇರಿಸುತ್ತಾರೆ.

ಆ ವಿಜ್ಞಾನಿಯ ಹೆಸರು ಬಾರ್ಬರಾ ಮೆಕ್ಲಿಂಟಾಕ್. ಬೆಳೆಗಳ ಜೀನ್ ಬಗ್ಗೆ ನಮ್ಮಲ್ಲಿರುವ ಹಲವು ತಪ್ಪು ತಿಳಿವಳಿಕೆಗಳಿಗೆ ಅವರ ಬದುಕಿನಲ್ಲೇ ಉತ್ತರ ಇದೆ. ಬನ್ನಿ, ಮೊದಲಿನಿಂದ ನೋಡೋಣ.

ಓದಿದರೆ ಮದುವೆ ಆಗದು ಎಂಬ ಭಯ

ಬಾರ್ಬರಾ ಹುಟ್ಟಿದ್ದು 1902ರ ಜೂನ್ 16ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಿನಲ್ಲಿ. ತಂದೆ ವೈದ್ಯರು. ನಾಲ್ಕು ಮಕ್ಕಳಲ್ಲಿ ಇವರು ಮೂರನೆಯವರು. ಮನೆಯವರು ಮೊದಲು ಇಟ್ಟ ಹೆಸರು ಎಲೀನರ್, ಆಮೇಲೆ ಅದು ಬಾರ್ಬರಾ ಆಯಿತು. 1908ರಲ್ಲಿ ಕುಟುಂಬ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದು ನೆಲೆಸಿತು.

ಹೈಸ್ಕೂಲು ಮುಗಿದಾಗ ಮಗಳು ಕಾಲೇಜಿಗೆ ಹೋಗುವುದು ತಾಯಿಗೆ ಇಷ್ಟವಿರಲಿಲ್ಲ. ಹೆಚ್ಚು ಓದಿದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬ ಚಿಂತೆ. ಈ ಮಾತು ನಮ್ಮೂರುಗಳಲ್ಲೂ ಕೇಳಿದ್ದೇ ಅಲ್ಲವೇ? ಬಾರ್ಬರಾ ಸ್ವಲ್ಪ ಕಾಲ ಒಂದು ಉದ್ಯೋಗ ಕಚೇರಿಯಲ್ಲಿ ದುಡಿಯುತ್ತ, ಬಿಡುವಿನಲ್ಲಿ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಓದಿದರು. ಮೊದಲ ಮಹಾಯುದ್ಧದಲ್ಲಿ ಸೈನ್ಯದ ವೈದ್ಯರಾಗಿದ್ದ ತಂದೆ ಫ್ರಾನ್ಸಿನಿಂದ ಮರಳಿ ಬಂದು ಮಗಳ ಪರ ನಿಂತರು. 1919ರಲ್ಲಿ ಬಾರ್ಬರಾ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಸೇರಿದರು.

ಅಲ್ಲಿ ಅವರು ಪುಸ್ತಕದ ಹುಳುವೇನೂ ಆಗಿರಲಿಲ್ಲ. ಜಾಝ್ ತಂಡದಲ್ಲಿ ಬ್ಯಾಂಜೊ ನುಡಿಸುತ್ತಿದ್ದರು. 1921ರಲ್ಲಿ ಜೀನ್‌ಗಳ ಕುರಿತ ಒಂದು ತರಗತಿಯಲ್ಲಿ ಕೂತರು. ವಂಶವಾಹಿ ವಿಜ್ಞಾನ ಆಗಿನ್ನೂ ಹೊಸದು. ಅವರ ಆಸಕ್ತಿ ಕಂಡ ಪ್ರಾಧ್ಯಾಪಕರು ಪದವಿ ಮುಗಿಯುವ ಮೊದಲೇ ಮುಂದಿನ ಹಂತದ ತರಗತಿಗೂ ಕರೆದರು. 1927ರಲ್ಲಿ ಸಸ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದಾಗ ಅವರಿಗೆ 25 ವರ್ಷ. ಮದುವೆ ಆಗಲೇ ಇಲ್ಲ.

ಮೆಕ್ಕೆಜೋಳವೇ ಏಕೆ?

ನಮ್ಮಲ್ಲಿ ಮುಸುಕಿನ ಜೋಳ, ಗೋವಿನ ಜೋಳ ಎಂದೂ ಕರೆಯುವ ಮೆಕ್ಕೆಜೋಳ ಜೀನ್ ಅಧ್ಯಯನಕ್ಕೆ ಹೇಳಿ ಮಾಡಿಸಿದ ಬೆಳೆ. ಗಂಡು ಹೂ ಗಿಡದ ತುದಿಯಲ್ಲಿ ಸೂಲಂಗಿಯಾಗಿ ಬರುತ್ತದೆ, ಹೆಣ್ಣು ಹೂ ಕೆಳಗೆ ತೆನೆಯಾಗಿ ಬರುತ್ತದೆ. ಎರಡಕ್ಕೂ ಕಾಗದದ ಚೀಲ ಕಟ್ಟಿದರೆ ಯಾವ ಗಿಡದ ಪರಾಗ ಯಾವ ತೆನೆಗೆ ಬೀಳಬೇಕು ಎಂದು ನಾವೇ ನಿರ್ಧರಿಸಬಹುದು. ಮೇಲಾಗಿ ಒಂದೊಂದು ಕಾಳೂ ಒಂದೊಂದು ಮಗು ಇದ್ದಂತೆ. ಒಂದು ತೆನೆ ಬಿಚ್ಚಿದರೆ ನೂರಾರು ಮಕ್ಕಳ ಬಣ್ಣ, ಆಕಾರ ಒಟ್ಟಿಗೇ ಕಣ್ಣಿಗೆ ಬೀಳುತ್ತದೆ.

ಜೀನ್‌ಗಳು ಜೀವಕೋಶದೊಳಗಿನ ವರ್ಣತಂತುಗಳ ಮೇಲೆ ಸಾಲಾಗಿ ಇರುತ್ತವೆ. ಮೆಕ್ಕೆಜೋಳದಲ್ಲಿ ಹತ್ತು ಜೋಡಿ ವರ್ಣತಂತುಗಳಿವೆ. ಆಗಿನ ಸೂಕ್ಷ್ಮದರ್ಶಕದಲ್ಲಿ ಅವೆಲ್ಲ ಗೋಜಲಾದ ದಾರದ ಹಾಗೆ ಕಾಣುತ್ತಿದ್ದವು. ಬಾರ್ಬರಾ ಬಣ್ಣ ಕಟ್ಟುವ ವಿಧಾನವನ್ನು ತಿದ್ದಿ ತೀಡಿ, ಹತ್ತನ್ನೂ ಬೇರೆ ಬೇರೆಯಾಗಿ ಗುರುತಿಸಿದರು. 1929ರಲ್ಲಿ ಅದು ಪ್ರಕಟವಾಯಿತು.

1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಎಂಬ ವಿದ್ಯಾರ್ಥಿನಿಯ ಜೊತೆ ಅವರು ಮಾಡಿದ ಪ್ರಯೋಗ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ತಂದೆಯಿಂದ ಮತ್ತು ತಾಯಿಯಿಂದ ಬಂದ ಜೋಡಿ ವರ್ಣತಂತುಗಳು ತಮ್ಮ ತುಂಡುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತವೆ ಎಂದು ವಿಜ್ಞಾನಿಗಳು ಊಹಿಸಿದ್ದರು. ಅದನ್ನು ಕಣ್ಣಾರೆ ತೋರಿಸಿದವರು ಇರಲಿಲ್ಲ. ಈ ಇಬ್ಬರು ಒಂಬತ್ತನೆಯ ವರ್ಣತಂತುವಿನ ಎರಡು ತುದಿಗಳಲ್ಲಿದ್ದ ಗುರುತುಗಳನ್ನು ಹಿಡಿದು ಹೊರಟರು. ಕಾಳಿನ ಗುಣಗಳು ಅದಲು ಬದಲಾದಾಗಲೆಲ್ಲ ವರ್ಣತಂತುವಿನ ತುಂಡುಗಳೂ ಅದಲು ಬದಲಾಗಿದ್ದವು. ಮಕ್ಕಳು ತಂದೆತಾಯಿಯ ಪಡಿಯಚ್ಚು ಆಗದೆ ಇಬ್ಬರ ಗುಣಗಳ ಹೊಸ ಜೋಡಣೆ ಆಗುವುದಕ್ಕೆ ಇದೂ ಒಂದು ಕಾರಣ.

ಕೆಲಸಕ್ಕಾಗಿ ಅಲೆದಾಟ

ಇಷ್ಟು ಸಾಧಿಸಿದವರಿಗೆ ಕಾಯಂ ಕೆಲಸ ಸಿಗಬೇಕಿತ್ತು. ಆದರೆ ಮಹಿಳೆಯರಿಗೆ ಗೃಹವಿಜ್ಞಾನ ಬಿಟ್ಟು ಬೇರೆ ವಿಭಾಗದಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗುವುದು ಆಗ ಬಹಳ ಅಪರೂಪ. ಬಾರ್ಬರಾ ಕೆಲವು ವರ್ಷ ಫೆಲೋಶಿಪ್‌ಗಳ ಹಣದಲ್ಲೇ ಬದುಕಿದರು. 1933ರಲ್ಲಿ ಅಂಥ ಒಂದು ಫೆಲೋಶಿಪ್ ಮೇಲೆ ಜರ್ಮನಿಗೆ ಹೋದರು. ಅದು ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ. ಅಲ್ಲಿನ ವಾತಾವರಣ ಸಹಿಸಲಾಗದೆ ಅವಧಿಗೆ ಮೊದಲೇ ಹಿಂತಿರುಗಿದರು. 1936ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿಯಾದರು. ಅಲ್ಲಿ ಮುಂದೆ ಬಡ್ತಿ ಸಿಗುವ ಭರವಸೆ ಕಾಣದೆ 1941ರಲ್ಲಿ ಅದನ್ನೂ ಬಿಟ್ಟರು.

ಕೊನೆಗೆ ನ್ಯೂಯಾರ್ಕ್ ಬಳಿ ಲಾಂಗ್ ಐಲ್ಯಾಂಡಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾ ಕೇಂದ್ರದಲ್ಲಿ ನೆಲೆ ಸಿಕ್ಕಿತು. ಕಾರ್ನೆಗಿ ಸಂಸ್ಥೆ ಸಂಬಳ ಕೊಟ್ಟಿತು. ಒಂದು ಸಣ್ಣ ಹೊಲ, ಒಂದು ಸೂಕ್ಷ್ಮದರ್ಶಕ. ಉಳಿದ ಐವತ್ತು ವರ್ಷ ಅದೇ ಅವರ ಜಗತ್ತು.

ಚುಕ್ಕೆಗಳ ಗುಟ್ಟು

1944ರಲ್ಲಿ ಆರಂಭಿಸಿದ ಪ್ರಯೋಗವೊಂದರಲ್ಲಿ ಅವರಿಗೆ ವಿಚಿತ್ರ ಕಾಳುಗಳು ಕಂಡವು. ಬಣ್ಣವಿಲ್ಲದ ಕಾಳಿನ ಮೇಲೆ ನೇರಳೆ ಚುಕ್ಕೆಗಳು. ಕೆಲವದರಲ್ಲಿ ದೊಡ್ಡ ಚುಕ್ಕೆ, ಕೆಲವದರಲ್ಲಿ ಸಾಸಿವೆಗಿಂತ ಚಿಕ್ಕವು. ಬೇರೆಯವರಾದರೆ ರೋಗ ಬಂದ ತೆನೆ ಎಂದು ಎಸೆಯುತ್ತಿದ್ದರೋ ಏನೋ. ಬಾರ್ಬರಾ ಪ್ರತಿ ಗಿಡದ, ಪ್ರತಿ ತೆನೆಯ ಲೆಕ್ಕ ಬರೆದಿಟ್ಟರು.

ನಾಲ್ಕು ವರ್ಷಗಳ ಬಳಿಕ, 1948ರ ಹೊತ್ತಿಗೆ ಗುಟ್ಟು ಬಿಟ್ಟುಕೊಟ್ಟಿತು. ವರ್ಣತಂತುವಿನ ಒಂದು ಸಣ್ಣ ತುಂಡು ತಾನಿದ್ದ ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಜಿಗಿಯುತ್ತಿತ್ತು! ಆ ತುಂಡು ಹೋಗಿ ಬಣ್ಣದ ಜೀನ್‌ನೊಳಗೆ ಕೂತರೆ ಆ ಜೀನ್ ಕೆಟ್ಟು ಕಾಳು ಬಣ್ಣವಿಲ್ಲದೆ ಬೆಳೆಯುತ್ತದೆ. ಕಾಳು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಹೋದರೆ ಜೀನ್ ಮತ್ತೆ ಸರಿಯಾಗುತ್ತದೆ. ಆ ಕೋಶದಿಂದ ಹುಟ್ಟಿದ ಕೋಶಗಳೆಲ್ಲ ಬಣ್ಣ ಪಡೆಯುತ್ತವೆ. ಬೇಗ ಎದ್ದು ಹೋದರೆ ದೊಡ್ಡ ಚುಕ್ಕೆ, ತಡವಾಗಿ ಹೋದರೆ ಚಿಕ್ಕ ಚುಕ್ಕೆ. ಆ ತುಂಡು ಜಿಗಿಯಬೇಕಾದರೆ ಅದಕ್ಕೆ ಇನ್ನೊಂದು ತುಂಡಿನ ಅಪ್ಪಣೆಯೂ ಬೇಕು ಎಂದು ಅವರು ಕಂಡುಕೊಂಡರು. ಇವನ್ನೇ ನಾವಿಂದು ಜಿಗಿಯುವ ಜೀನ್ ಅಥವಾ ಟ್ರಾನ್ಸ್‌ಪೋಸಾನ್ ಎನ್ನುತ್ತೇವೆ.

ಆ ಹೊಲದಲ್ಲಿ ಬಣ್ಣ ಬಳಿದವರಿಲ್ಲ, ಬೇರೆ ಜೀವಿಯ ಜೀನ್ ತಂದು ತುರುಕಿದವರೂ ಇಲ್ಲ. ಹಾಗೆ ತುರುಕುವ ತಂತ್ರವೇ ಆಗ ಹುಟ್ಟಿರಲಿಲ್ಲ. ಬಣ್ಣಬಣ್ಣದ ತೆನೆಯನ್ನು ಅಮೆರಿಕ ಖಂಡದ ಮೂಲನಿವಾಸಿಗಳು ಅದಕ್ಕೂ ಬಹಳ ಹಿಂದಿನಿಂದ ಬೆಳೆಯುತ್ತಿದ್ದರು. ಇನ್ನೂ ಒಂದು ಅಚ್ಚರಿ ಇದೆ. 19ನೇ ಶತಮಾನದಲ್ಲಿ ಮೆಂಡೆಲ್ ಬಟಾಣಿಯಲ್ಲಿ ಪ್ರಯೋಗ ಮಾಡಿದರಲ್ಲ, ಅಲ್ಲಿನ ಸುಕ್ಕುಗಟ್ಟಿದ ಕಾಳಿಗೂ ಇಂಥದ್ದೇ ಒಂದು ತುಂಡು ಪಿಷ್ಟದ ಜೀನ್‌ನೊಳಗೆ ನುಗ್ಗಿದ್ದೇ ಕಾರಣ ಎಂದು 1990ರಲ್ಲಿ ಗೊತ್ತಾಯಿತು.

ಜಗತ್ತು ನಿಜವಾಗಿ ನಕ್ಕಿತೇ?

ಫಾರ್ವರ್ಡ್ ಕಥೆ ಅರ್ಧ ಸತ್ಯ ಹೇಳುವುದು ಇಲ್ಲಿಯೇ. 1951ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಬಾರ್ಬರಾ ತಮ್ಮ ಸಂಶೋಧನೆ ಮಂಡಿಸಿದಾಗ ಹಲವರಿಗೆ ಅದು ತಲೆಗೆ ಹೋಗಲಿಲ್ಲ, ಕೆಲವರು ಅನುಮಾನಪಟ್ಟರು. ದಾರದಲ್ಲಿ ಪೋಣಿಸಿದ ಮಣಿಗಳ ಹಾಗೆ ಜೀನ್‌ಗಳು ಇದ್ದಲ್ಲೇ ಇರುತ್ತವೆ ಎಂಬುದು ಆಗಿನ ನಂಬಿಕೆ. ಪ್ರತಿಕ್ರಿಯೆ ಕಂಡು ಬೇಸರಗೊಂಡ ಬಾರ್ಬರಾ 1953ರ ನಂತರ ಈ ವಿಷಯದ ವಿವರಗಳನ್ನು ಹೆಚ್ಚಾಗಿ ತಮ್ಮ ಸಂಸ್ಥೆಯ ವಾರ್ಷಿಕ ವರದಿಗಳಲ್ಲಷ್ಟೇ ಬರೆದರು. ಇಷ್ಟು ನಿಜ.

ಇನ್ನರ್ಧ ಇಲ್ಲಿದೆ. ಅವರು ಮೂಲೆಗುಂಪಾದ ಅಜ್ಞಾತ ವ್ಯಕ್ತಿ ಆಗಿರಲಿಲ್ಲ. 1944ರಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾಗಿದ್ದರು. ಆ ಗೌರವ ಪಡೆದ ಮೂರನೆಯ ಮಹಿಳೆ ಅವರು. 1945ರಲ್ಲಿ ಅಮೆರಿಕದ ಜೆನೆಟಿಕ್ಸ್ ಸೊಸೈಟಿಯ ಅಧ್ಯಕ್ಷರಾದ ಮೊದಲ ಮಹಿಳೆಯೂ ಅವರೇ. ಮೆಕ್ಕೆಜೋಳದಲ್ಲಿ ತುಂಡುಗಳು ಜಿಗಿಯುತ್ತವೆ ಎಂಬುದನ್ನು 1950ರ ದಶಕದಲ್ಲೇ ರಾಯಲ್ ಅಲೆಕ್ಸಾಂಡರ್ ಬ್ರಿಂಕ್, ಪೀಟರ್ ಪೀಟರ್ಸನ್ ಮುಂತಾದವರು ತಮ್ಮ ಗಿಡಗಳಲ್ಲೂ ಕಂಡರು. ಹಲವರು ಒಪ್ಪದೇ ಹೋದದ್ದು ಬೇರೆ ಮಾತನ್ನು. ಒಂದು ಜೀವಿ ಬೆಳೆಯುವಾಗ ಯಾವ ಜೀನ್ ಯಾವಾಗ ಕೆಲಸ ಮಾಡಬೇಕು ಎಂಬುದನ್ನೆಲ್ಲ ಈ ಜಿಗಿಯುವ ತುಂಡುಗಳೇ ನಿಯಂತ್ರಿಸುತ್ತವೆ ಎಂದು ಬಾರ್ಬರಾ ಭಾವಿಸಿದ್ದರು. ಅವರು ಹೇಳಿದ ರೂಪದಲ್ಲಿ ಆ ಮಾತು ಮುಂದೆಯೂ ನಿಲ್ಲಲಿಲ್ಲ.

1960ರ ದಶಕದ ಕೊನೆಯಿಂದ ಬ್ಯಾಕ್ಟೀರಿಯಾಗಳಲ್ಲೂ, ಆಮೇಲೆ ಬೇರೆ ಜೀವಿಗಳಲ್ಲೂ ಜಿಗಿಯುವ ತುಂಡುಗಳು ಸಿಕ್ಕವು. ಇದು ಮೆಕ್ಕೆಜೋಳದ ಒಂದು ವಿಚಿತ್ರವಷ್ಟೇ ಅಲ್ಲ, ಜೀವಜಗತ್ತಿನ ತುಂಬ ಇರುವ ಸಂಗತಿ ಎಂದು ಆಗ ಸ್ಪಷ್ಟವಾಯಿತು. 1983ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಬಹುಮಾನ ಅವರೊಬ್ಬರಿಗೇ ಬಂತು. ಆ ವಿಭಾಗದಲ್ಲಿ ಬಹುಮಾನವನ್ನು ಯಾರೊಂದಿಗೂ ಹಂಚಿಕೊಳ್ಳದೆ ಪಡೆದ ಮೊದಲ ಮಹಿಳೆ ಅವರು. ಆಗ ವಯಸ್ಸು 81. ಸುದ್ದಿ ಗೊತ್ತಾದದ್ದು ರೇಡಿಯೊದಿಂದ.

ಅವರನ್ನು ಗೆಲ್ಲಿಸಿದ್ದು ಜನ ವಿರೋಧಿಸಿದರು ಎಂಬ ಸಂಗತಿಯಲ್ಲ. ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ, ಬೇರೆಯವರೂ ಮಾಡಿ ನೋಡಬಹುದಾದ ಪ್ರಯೋಗ, ಮಾಡಿದಾಗ ಅವರಿಗೂ ಸಿಕ್ಕ ಅದೇ ಫಲಿತಾಂಶ ಅವರನ್ನು ಗೆಲ್ಲಿಸಿತು. ಔಷಧಿ ಮಾರುವವರು ಬಾರ್ಬರಾ ಹೆಸರು ಹೇಳಿದರೆ, ಅವರಂತೆ ನಿಮ್ಮ ಲೆಕ್ಕದ ಪುಸ್ತಕ ಎಲ್ಲಿದೆ ಎಂದು ಕೇಳಿ.

ಜಿಗಿಯುವ ಜೀನ್‌ನಿಂದ ಮಕ್ಕಳ ತಟ್ಟೆಯವರೆಗೆ

ಇಷ್ಟೆಲ್ಲ ಆದ ಮೇಲೆ ಇದರಿಂದ ಜನಸಾಮಾನ್ಯರಿಗೆ ಏನು ಸಿಕ್ಕಿತು ಎಂದು ನೀವು ಕೇಳಬಹುದು. ಅದಕ್ಕೆ ಮೆಕ್ಕೆಜೋಳದ ಒಂದು ಕೊರತೆಯಿಂದ ಶುರು ಮಾಡಬೇಕು.

ಪ್ರೋಟೀನ್ ಎಂಬುದು ಅಮೈನೊ ಆಮ್ಲಗಳೆಂಬ ಇಟ್ಟಿಗೆಗಳ ಗೋಡೆ. ಅವುಗಳಲ್ಲಿ ಲೈಸಿನ್ ಎಂಬ ಇಟ್ಟಿಗೆಯನ್ನು ನಮ್ಮ ದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು. ಮೆಕ್ಕೆಜೋಳದ ಪ್ರೋಟೀನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜೀನ್ ಎಂದೇ ಕೇಳಿಸುವ ಹೆಸರಿನ ಝೀನ್ ಎಂಬ ಪ್ರೋಟೀನ್. ಅದರಲ್ಲಿ ಲೈಸಿನ್ ಇಲ್ಲವೆನ್ನುವಷ್ಟು ಕಡಿಮೆ. ಆಫ್ರಿಕಾ ಮತ್ತು ಮಧ್ಯ ಅಮೆರಿಕದ ಹಲವೆಡೆ ಮೆಕ್ಕೆಜೋಳದ ಗಂಜಿ, ರೊಟ್ಟಿಯೇ ಬಡವರ ಮುಖ್ಯ ಆಹಾರ. ಹಾಲು ಬಿಟ್ಟ ಮಗುವಿಗೆ ಬೇಳೆ, ಹಾಲು, ಮೊಟ್ಟೆ ಸಿಗದೆ ಬರೀ ಅದೇ ಗಂಜಿ ಸಿಕ್ಕರೆ, ಹೊಟ್ಟೆ ತುಂಬಿದರೂ ಬೆಳವಣಿಗೆ ಕುಂಠಿತವಾಗುತ್ತದೆ.

1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಎಡ್ವಿನ್ ಮರ್ಟ್ಜ್, ಲಿನ್ ಬೇಟ್ಸ್, ಆಲಿವರ್ ನೆಲ್ಸನ್ ಒಂದು ಸಂಗತಿ ಪ್ರಕಟಿಸಿದರು. ಒಪೇಕ್-2 ಎಂಬ ಹೆಸರಿನ, ಸೀಮೆಸುಣ್ಣದ ಹಾಗೆ ಕಾಣುವ ಮೆಕ್ಕೆಜೋಳದ ಕಾಳಿನಲ್ಲಿ ಲೈಸಿನ್ ಸುಮಾರು ಎರಡರಷ್ಟು ಇತ್ತು! ಅದು ಯಾರೂ ಲ್ಯಾಬಿನಲ್ಲಿ ಮಾಡಿದ್ದಲ್ಲ, ಹಲವು ದಶಕಗಳಿಂದ ಗೊತ್ತಿದ್ದ ತಳಿ. ಆದರೆ ಕಾಳು ಮೆತ್ತಗೆ, ಇಳುವರಿ ಕಡಿಮೆ, ಹುಳು ಮತ್ತು ಬೂಷ್ಟಿನ ಕಾಟ ಹೆಚ್ಚು. ರೈತರು ಒಪ್ಪಲಿಲ್ಲ. ಮೆಕ್ಸಿಕೋದ ಸಿಮಿಟ್ ಸಂಸ್ಥೆಯಲ್ಲಿ ಭಾರತ ಮೂಲದ ಸುರಿಂದರ್ ವಾಸಲ್ ಮತ್ತು ಮೆಕ್ಸಿಕೋದ ಇವಾಂಜೆಲಿನಾ ವಿಯೇಗಾಸ್ ವರ್ಷಗಟ್ಟಲೆ ತಳಿ ಕೂಡಿಸುತ್ತ, ಲೈಸಿನ್ ಉಳಿಸಿಕೊಂಡೇ ಗಟ್ಟಿ ಕಾಳಿನ ಮೆಕ್ಕೆಜೋಳ ರೂಪಿಸಿದರು. ಇದೇ ಕ್ಯೂಪಿಎಂ, ಅಂದರೆ ಉತ್ತಮ ಗುಣಮಟ್ಟದ ಪ್ರೋಟೀನ್ ಇರುವ ಮೆಕ್ಕೆಜೋಳ. 2000ದಲ್ಲಿ ಅವರಿಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು.

ಆದರೆ ಒಪೇಕ್-2 ಎಂಬ ಆ ಜೀನ್ ಯಾವುದು, ಏನು ಮಾಡುತ್ತದೆ? ಉತ್ತರ ಬೇಕಾದರೆ ಜೀನ್ ಅನ್ನು ಕ್ಲೋನ್ ಮಾಡಬೇಕು. ಕ್ಲೋನಿಂಗ್ ಎಂದೊಡನೆ ಡಾಲಿ ಕುರಿ ನೆನಪಾಗುತ್ತದೆ, ಅಲ್ಲವೇ? ಇದು ಅದಲ್ಲ. ಜೀನ್ ಕ್ಲೋನಿಂಗ್ ಎಂದರೆ ಡಿಎನ್‌ಎಯಲ್ಲಿ ಬೇಕಾದ ಒಂದು ತುಂಡನ್ನು ಪತ್ತೆ ಹಚ್ಚಿ, ಪ್ರತ್ಯೇಕಿಸಿ, ಸಾಮಾನ್ಯವಾಗಿ ಬ್ಯಾಕ್ಟೀರಿಯಾದೊಳಗೆ ಇಟ್ಟು, ಓದಲು ಬೇಕಾದಷ್ಟು ಪ್ರತಿ ಮಾಡಿಕೊಳ್ಳುವುದು. ಒಂದು ದೊಡ್ಡ ಗ್ರಂಥದ ಒಂದೇ ಪುಟವನ್ನು ಜೆರಾಕ್ಸ್ ಮಾಡಿಸಿದ ಹಾಗೆ. ಇದರಿಂದ ಹೊಸ ಗಿಡವೇನೂ ಹುಟ್ಟುವುದಿಲ್ಲ.

ಕಷ್ಟ ಇರುವುದು ಆ ಪುಟ ಹುಡುಕುವುದರಲ್ಲಿ. ಮೆಕ್ಕೆಜೋಳದ ಡಿಎನ್‌ಎ 200 ಕೋಟಿಗೂ ಹೆಚ್ಚು ಅಕ್ಷರಗಳ ಗ್ರಂಥ. ಅದನ್ನು ಪೂರ್ತಿ ಓದಿದ್ದು 2009ರಲ್ಲಿ. 1980ರ ದಶಕದಲ್ಲಿ ದಾರಿ ತೋರಿಸಿದ್ದು ಬಾರ್ಬರಾ ಅವರ ಜಿಗಿಯುವ ತುಂಡುಗಳು. ದೊಡ್ಡ ಊರಿನಲ್ಲಿ ವಿಳಾಸ ಗೊತ್ತಿಲ್ಲದ ಮನೆ ಹುಡುಕಬೇಕು ಎಂದುಕೊಳ್ಳಿ. ನಮಗೆ ಗುರುತಿರುವ ಬೈಕ್ ಆ ಮನೆ ಮುಂದೆ ನಿಂತಿದೆ ಎಂದು ಗೊತ್ತಾದರೆ ಬೈಕ್ ಹುಡುಕಿದರೆ ಸಾಕು. ಹಾಗೆಯೇ, ಜಿಗಿಯುವ ತುಂಡೊಂದು ಜೀನ್‌ನೊಳಗೆ ಕೂತು ಅದನ್ನು ಕೆಡಿಸಿದರೆ ಕಾಳು ನೋಡಿದೊಡನೆ ತಿಳಿಯುತ್ತದೆ. ತುಂಡಿನ ಅಕ್ಷರಗಳು ಗೊತ್ತಿದ್ದರೆ ಅದರ ಅಕ್ಕಪಕ್ಕ ಇರುವುದೇ ನಮಗೆ ಬೇಕಾದ ಜೀನ್.

1984ರಲ್ಲಿ ನೀನಾ ಫೆಡೊರಾಫ್ ಅವರ ತಂಡ ಈ ಉಪಾಯದಿಂದ ಮೆಕ್ಕೆಜೋಳದ ಒಂದು ಬಣ್ಣದ ಜೀನ್ ಹಿಡಿಯಿತು. ಆ ತಂಡದಲ್ಲಿ ಒಪೇಕ್-2 ಖ್ಯಾತಿಯ ಆಲಿವರ್ ನೆಲ್ಸನ್ ಕೂಡ ಇದ್ದರು. 1987ರಲ್ಲಿ ರಾಬರ್ಟ್ ಶ್ಮಿಟ್ ಮತ್ತು ಬರ್ ದಂಪತಿ ಒಪೇಕ್-2 ಜೀನ್ ಅನ್ನೇ ಕ್ಲೋನ್ ಮಾಡಿದರು. ಅವರು ಬಳಸಿದ ಜಿಗಿಯುವ ತುಂಡು 1950ರ ದಶಕದಲ್ಲಿ ಬಾರ್ಬರಾ ವಿವರಿಸಿದ್ದ ಇನ್ನೊಂದು ತುಂಡು. ಆಗ ಬಾರ್ಬರಾ ಅವರಿಗೆ 85 ವರ್ಷ. ಒಪೇಕ್-2 ಒಂದು ಸ್ವಿಚ್ ಇದ್ದಂತೆ ಎಂದು ಗೊತ್ತಾಯಿತು. ಆ ಸ್ವಿಚ್ ಝೀನ್ ತಯಾರಿಕೆ ಶುರು ಮಾಡುತ್ತದೆ. ಸ್ವಿಚ್ ಕೆಟ್ಟರೆ ಝೀನ್ ಕಡಿಮೆಯಾಗಿ, ಲೈಸಿನ್ ಇರುವ ಬೇರೆ ಪ್ರೋಟೀನ್‌ಗಳ ಪಾಲು ಹೆಚ್ಚುತ್ತದೆ.

1992ರ ಸೆಪ್ಟೆಂಬರ್ 2ರಂದು, 90ನೇ ವಯಸ್ಸಿನಲ್ಲಿ ಬಾರ್ಬರಾ ತೀರಿಕೊಂಡರು.

ಹಾಗಾದರೆ ಇದು ಜಿಎಂ ಬೆಳೆಯೇ?

ಜೀನ್ ಕ್ಲೋನ್ ಮಾಡಿದರು ಎಂದರೆ ಬೆಳೆ ಜಿಎಂ ಆಯಿತು ಎಂದು ಬಹಳ ಜನ ತಿಳಿಯುತ್ತಾರೆ. ಅದು ಸರಿಯಲ್ಲ. ಉತ್ತರಾಖಂಡದ ಅಲ್ಮೋರಾದ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯಿಂದ 2008ರಲ್ಲಿ ಬಿಡುಗಡೆಯಾದ ವಿವೇಕ್ ಕ್ಯೂಪಿಎಂ 9 ಇದಕ್ಕೆ ಒಳ್ಳೆಯ ಉದಾಹರಣೆ. ಒಪೇಕ್-2 ಜೀನ್‌ನ ಅಕ್ಷರಗಳು ಗೊತ್ತಿದ್ದುದರಿಂದ, ಯಾವ ಸಸಿಯಲ್ಲಿ ಬೇಕಾದ ರೂಪ ಇದೆ ಎಂದು ಒಂದು ಚೂರು ಎಲೆ ಪರೀಕ್ಷಿಸಿಯೇ ಹೇಳಬಹುದಿತ್ತು. ಕೂಡಿಸಿದ್ದು ಮಾತ್ರ ಪರಾಗದಿಂದಲೇ, ಹೊಲದಲ್ಲೇ. ಹೊರಗಿನ ಜೀನ್ ಏನೂ ಸೇರಿಲ್ಲ. 2017ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇದನ್ನೇ ಸುಧಾರಿಸಿ, ದೇಹದಲ್ಲಿ ವಿಟಮಿನ್ ಎ ಆಗುವ ಅಂಶವನ್ನೂ ಹೆಚ್ಚಿಸಿದ ತಳಿ ತಂದಿತು.

ಭಾರತದಲ್ಲಿ ಜಿಎಂ ಮೆಕ್ಕೆಜೋಳ ಬೆಳೆಯಲು ಅನುಮತಿ ಇಲ್ಲ. ದಾವಣಗೆರೆ, ಹಾವೇರಿಯ ಹೊಲಗಳಲ್ಲಿ ನೀವು ಕಾಣುವುದು ಹೈಬ್ರಿಡ್. ಹೈಬ್ರಿಡ್ ಬೇರೆ, ಜಿಎಂ ಬೇರೆ.

ಹಾಗಂತ ಜೀನ್ ಬದಲಾವಣೆ ಸಹಜ, ಆದ್ದರಿಂದ ಎಲ್ಲವೂ ಸುರಕ್ಷಿತ ಎಂದು ನಾವು ಹೇಳುತ್ತಿಲ್ಲ. ಸಹಜವಾಗಿ ಆದ ಬದಲಾವಣೆಯೂ ಕೆಟ್ಟದ್ದಾಗಬಹುದು, ಲ್ಯಾಬಿನಲ್ಲಿ ಆದದ್ದೂ ಒಳ್ಳೆಯದಾಗಬಹುದು. ಯಾವ ಜೀನ್ ಬದಲಾಯಿತು, ಅದರಿಂದ ಕಾಳಿನಲ್ಲಿ ಏನು ಬದಲಾಯಿತು, ಅದನ್ನು ಯಾರು ಹೇಗೆ ಪರೀಕ್ಷಿಸಿದರು ಎಂಬುದೇ ಕೇಳಬೇಕಾದ ಪ್ರಶ್ನೆ.

ಮುಂದಿನ ಸಲ ಫಾರ್ವರ್ಡ್ ಬಂದಾಗ ನೆನಪಿಡಿ

ಬಣ್ಣಬಣ್ಣದ ಮೆಕ್ಕೆಜೋಳ ಕಂಡ ಮಾತ್ರಕ್ಕೆ ಜಿಎಂ ಅಲ್ಲ, ಬಣ್ಣ ಹಚ್ಚಿದ್ದೂ ಅಲ್ಲ. ಚುಕ್ಕೆಗಳು ಜಿಗಿಯುವ ಜೀನ್‌ಗಳ ಆಟ.

ಬೆಳೆಗಳ ಜೀನ್ ಸ್ಥಿರವಾಗಿರುತ್ತದೆ, ಮನುಷ್ಯ ಕೈ ಹಾಕಿದರೆ ಮಾತ್ರ ಬದಲಾಗುತ್ತದೆ ಎಂಬುದು ತಪ್ಪು. ಮೆಕ್ಕೆಜೋಳದ ಡಿಎನ್‌ಎಯಲ್ಲಿ ಸುಮಾರು ಶೇ 85 ಭಾಗ ಜಿಗಿಯುವ ತುಂಡುಗಳು ಮತ್ತು ಅವುಗಳ ಉಳಿಕೆಗಳೇ. ನಮ್ಮ ದೇಹದ ಡಿಎನ್‌ಎಯಲ್ಲೂ ಹೆಚ್ಚುಕಡಿಮೆ ಅರ್ಧ ಅವೇ. ಬಹುಪಾಲು ಈಗ ಜಿಗಿಯುವ ಶಕ್ತಿ ಕಳೆದುಕೊಂಡಿವೆ.

ಜೀನ್ ಕ್ಲೋನಿಂಗ್ ಎಂದರೆ ಜೀನ್‌ನ ಪ್ರತಿ ಮಾಡಿ ಓದುವುದು. ಅದೇ ಜಿಎಂ ಬೆಳೆಯಲ್ಲ.

ಕ್ಯೂಪಿಎಂ ಪವಾಡವಲ್ಲ. ಅದರಲ್ಲಿ ಒಟ್ಟು ಪ್ರೋಟೀನ್ ಬೇರೆ ಮೆಕ್ಕೆಜೋಳದಷ್ಟೇ, ಗುಣಮಟ್ಟ ಮಾತ್ರ ಉತ್ತಮ. ಅದು ಸಿಗದಿದ್ದರೆ ಚಿಂತೆ ಬೇಡ. ಕಾಳುಬೇಳೆಗಳಲ್ಲಿ ಲೈಸಿನ್ ಚೆನ್ನಾಗಿದೆ. ಅನ್ನದ ಜೊತೆ ಬೇಳೆ ಸಾರು, ರೊಟ್ಟಿಯ ಜೊತೆ ಕಾಳಿನ ಪಲ್ಯ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮಕ್ಕಳಿಗೆ ಬರೀ ಗಂಜಿ ಕೊಡಬೇಡಿ, ಬೇಳೆಯನ್ನೂ ಸೇರಿಸಿ.

ಆ ತೆನೆಯ ಫೋಟೊ ನಿಮಗೆ ಕಳಿಸಿದವರಿಗೆ ಈ ಕಥೆಯನ್ನೂ ಕಳಿಸಿ.